ಬಿಲ್ಲಿನಿಂದ ಶುರು ಮಾಡಿ ಬಾಕ್ಸ್ ಅಳೆದ ಕತೆ

"ಅರ್ಧ ಸೆಂಟಿಮೀಟರ್‌ಗೆಲ್ಲಾ ಯಾಕಿಷ್ಟು ತಲೆ ಕೆಡಿಸ್ಕೊಳ್ತೀಯ?" ಅಂತ ನಮ್ಮ ಪ್ಯಾಕಿಂಗ್ ಮೇಜಿನ ಸುತ್ತ ಎಲ್ಲರೂ ನಕ್ಕಿದ್ದರು. ಬಾಕ್ಸ್ ಮಾಡಿಕೊಡುವವನಂತೂ, ಇಂಥ ವಿಚಿತ್ರ ಅಳತೆ ಯಾರೂ ಕೇಳಲ್ಲ, ಸ್ಟಾಕ್‌ನಲ್ಲಿರೋದೇ ತಗೊಳ್ಳಿ ಅಂದ. ಅದಾಗಿ ಎಂಟು ತಿಂಗಳಾಯಿತು. ಸಾಗಣೆ ಬಿಲ್ಲು ಹತ್ತಿರ ಹತ್ತಿರ ಮೂರರಲ್ಲೊಂದು ಪಾಲು ಇಳಿದಿದೆ. ನಕ್ಕವರು ಈಗ ಸುಮ್ಮನಿದ್ದಾರೆ.

ನಾನು ಕಳಿಸುವುದು ಗಾಜಿನ ಜಾರ್‌ನಲ್ಲಿ ಹುಯ್ದ ಮೇಣದ ಬತ್ತಿ. ಜಾರ್ 7 ಸೆಂ.ಮೀ. ಅಗಲ, 8 ಎತ್ತರ. ಜಾಸ್ತಿ ಆರ್ಡರ್ ಬರುವುದು ಜೋಡಿ ಜಾರ್‌ಗೆ. ಪ್ಯಾಕ್ ಮಾಡಿದ ಮೇಲೆ ತೂಕ ಸುಮಾರು 850 ಗ್ರಾಂ.

ಮೊದಲ ವರ್ಷ ಎಲ್ಲಕ್ಕೂ ಒಂದೇ ಬಾಕ್ಸ್, 25×20×15. ಸಾವಿರ ಒಟ್ಟಿಗೆ ತಗೊಂಡರೆ ಅಗ್ಗ ಅಂತ. ಕೊರಿಯರ್‌ನವರು ಬಾಕ್ಸ್ ಗಾತ್ರಕ್ಕೂ ಒಂದು ತೂಕ ಕಟ್ಟುತ್ತಾರೆ, ಅದು ನಿಜ ತೂಕಕ್ಕಿಂತ ಜಾಸ್ತಿ ಬಂದರೆ ಬಿಲ್ಲು ಅದಕ್ಕೇ. ಮೂರೂ ಅಳತೆ ಸೆಂ.ಮೀ.ನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಸರಿಯಾಗಿ ಒಂದೂವರೆ ಕಿಲೋ. ಬಿಲ್ಲು ಮಾತ್ರ ಪ್ರತಿ ಸಲ 2 ಕಿಲೋಗೆ ಬರುತ್ತಿತ್ತು. ಮೂರು ತಿಂಗಳು ಕೊರಿಯರ್‌ನವರ ಜೊತೆ ಜಗಳ ಆಡಿದೆ. ಕೊನೆಗೆ ಪಟ್ಟಿ ಹಿಡಿದು ಅಳೆದರೆ ತಪ್ಪು ನನ್ನದೇ! ನಾನು ಆರ್ಡರ್ ಕೊಟ್ಟಿದ್ದು ಒಳ ಅಳತೆ. ಅವರ ಯಂತ್ರ ನೋಡುವುದು ಹೊರಗಿನದು, ಉಬ್ಬಿದ ಹೊಟ್ಟೆಯೂ ಸೇರಿ. 26×21×16 ಆಗಿತ್ತು. ಅಂದರೆ 1.75. ದರ ಏರುವುದು ಅರ್ಧರ್ಧ ಕಿಲೋ ಸ್ಲ್ಯಾಬ್‌ನಲ್ಲಿ, ಅಂದರೆ ಹಂತದಲ್ಲಿ; ಹಾಗಾಗಿ ನೇರ 2. ಒಂದು ಕಿಲೋನೂ ಇಲ್ಲದ ಮಾಲಿಗೆ ಎರಡು ಕಿಲೋ ದುಡ್ಡು, ಅದೂ ವರ್ಷವಿಡೀ.

ಆಮೇಲೆ ಇನ್ನೊಂದು ತುದಿಗೆ ಹೋದೆ. 11 ಸೈಜ್ ತರಿಸಿದೆ. ಅವಸರ ಇದ್ದಾಗ ಯಾರು ಹುಡುಕುತ್ತಾರೆ? ಪ್ಯಾಕ್ ಮಾಡುವವರು ಒಂದು ಸೈಜ್ ದೊಡ್ಡದಕ್ಕೇ ಕೈ ಹಾಕುತ್ತಿದ್ದರು. ಐದು ಸೈಜ್ ಹೆಚ್ಚುಕಮ್ಮಿ ಮುಟ್ಟಲೇ ಇಲ್ಲ. ಕಪಾಟಿನ ತುಂಬ ದುಡ್ಡು ಧೂಳು ತಿನ್ನುತ್ತಾ ಕೂತಿತ್ತು.

ಕೊನೆಗೆ ಉಲ್ಟಾ ಲೆಕ್ಕ ಹಿಡಿದೆ. ಇನ್ನೂರಕ್ಕೂ ಹೆಚ್ಚು ಆರ್ಡರ್‌ಗಳನ್ನು ಬಾಕ್ಸ್‌ಗೆ ಹಾಕುವ ಮುಂಚೆ ಅಳೆದು ಬರೆದುಕೊಂಡೆ. ಬರೀ ಜಾರ್ ಅಲ್ಲ, ಸುತ್ತಿದ ಗಂಟನ್ನೇ. ನಾಲ್ಕು ಗುಂಪಾದವು. ಪ್ರತಿ ಗುಂಪಿಗೂ ಮೊದಲು ಸ್ಲ್ಯಾಬ್ ಗೊತ್ತು ಮಾಡಿದೆ. ಅಲ್ಲಿಂದ ಹೊರ ಅಳತೆ, ಅಲ್ಲಿಂದ ಒಳಗೆ.

ಜೋಡಿ ಜಾರ್‌ಗೆ 1 ಕಿಲೋ ಗುರಿ, ಅಂದರೆ 5000 ಘನ ಸೆಂ.ಮೀ. 22×15×15 ಹಾಕಿದರೆ 4950. ಎಷ್ಟು ಚೆಂದ ಕೂತಿತು ಅಂತ 500 ಮಾಡಿಸಿದೆ. ಟೇಪ್ ಹಾಕಿದ ಮೇಲೆ ಮೇಲ್ಭಾಗ ಉಬ್ಬಿ ಎತ್ತರ 16 ಆಯಿತು. 5280. ಮತ್ತೆ ಒಂದೂವರೆ ಕಿಲೋ ಬಿಲ್ಲು. ಅವತ್ತು ಮನೆಯಲ್ಲಿ ಕೇಳಿಸಿಕೊಂಡ ಮಾತು ಇಲ್ಲಿ ಬರೆಯೋ ಹಾಗಿಲ್ಲ. ಬಾಕ್ಸ್ ಬಿಸಾಕಲಿಲ್ಲ. ನಾಲ್ಕೂ ಮೂಲೆ ಒಂದೂವರೆ ಸೆಂ.ಮೀ. ಸೀಳಿ, ಹೊಸ ಗೆರೆ ಒತ್ತಿ, ಎತ್ತರ ಇಳಿಸಿ ಖಾಲಿ ಮಾಡಿದೆ. ಕೈ ನೋವು ಬೇರೆ ಮಾತು.

ಈಗಿರುವುದು ಹೊರಗೆ 21×15×14.5. ಹೊಟ್ಟೆ ಒಂದು ಸೆಂ.ಮೀ. ಉಬ್ಬಿದರೂ 4900 ದಾಟಲ್ಲ. ನಿಮ್ಮ ಕೊರಿಯರ್ 4000ದಿಂದ ಭಾಗಿಸುವವರಾದರೆ ಈ ಅಳತೆ ನಡೆಯಲ್ಲ, ಬೇರೆ ಹಾಕಿಕೊಳ್ಳಿ. ಹೊರ ಅಳತೆಯಿಂದ ಒಳಗಿನದು ತೆಗೆಯುವಾಗ, ರಟ್ಟಿನ ಹಾಳೆ 3 ಮಿ.ಮೀ. ದಪ್ಪ ಇದ್ದರೆ ಉದ್ದ, ಅಗಲದಲ್ಲಿ 6 ಮಿ.ಮೀ. ಹೋಗುತ್ತದೆ, ಎತ್ತರದಲ್ಲಿ 12. ಮೇಲೂ ಕೆಳಗೂ ಮಡಚಿ ಮುಚ್ಚುವ ರೆಕ್ಕೆಗಳು ಒಂದರ ಮೇಲೊಂದು ಜೋಡಿ ಬೀಳುತ್ತವಲ್ಲ, ಅದಕ್ಕೆ. ಮೂರು ಜಾರ್‌ನ ಬಾಕ್ಸ್‌ನಲ್ಲಿ ಇದನ್ನೇ ಮರೆತಿದ್ದೆ. ಜಾರ್ ಮುಚ್ಚಳಕ್ಕೆ ತಾಗಿ ಕೂತು, ಒಂದು ಲಾಟ್‌ನಲ್ಲಿ ನೂರಕ್ಕೆ ಎಂಟೊಂಬತ್ತು ಒಡೆದವು. ಈಗ ಸುತ್ತಲೂ ಎರಡೂವರೆ ಸೆಂ.ಮೀ. ಬಿಡುತ್ತೇನೆ. ಒಡೆಯುವುದು ನೂರಕ್ಕೆ ಒಂದೂ ಇಲ್ಲ. ಎರಡು ಜಾರ್ ನಡುವಿನ ಅಡ್ಡ ತುಂಡನ್ನು ಹೇಗೆ ಮಡಚುತ್ತೇನೆ ಅನ್ನೋದು ಮಾತ್ರ ನನ್ನಲ್ಲೇ ಇರಲಿ.

ನಡುವೆ ಒಂದಿಷ್ಟು ಹುಚ್ಚಾಟವೂ ಆಯಿತು. ಹಳೇ ಬಾಕ್ಸ್ ಚೂರು ಮಾಡಿ ಒಳಗೆ ತುಂಬಿ ನೋಡಿದೆ. ಮೆಟ್ಟಿಲ ಮೇಲಿಂದ ಹತ್ತು ಸಲ ಉರುಳಿಸಿದರೆ ಚೂರೆಲ್ಲ ಮೇಲೆ, ಜಾರ್ ತಳದಲ್ಲಿ! ಹಾಳೆ ಉಳಿಯುತ್ತೆ ಅಂತ ರಟ್ಟಿನ ಒಳಪದರದ ಸುಕ್ಕಿನ ಗೆರೆ ಅಡ್ಡ ಬರುವ ಹಾಗೆ ಒಂದಷ್ಟು ಬಾಕ್ಸ್ ಮಾಡಿಸಿದೆ. ಆರು ಪೇರಿಸಿಟ್ಟರೆ ಬೆಳಗ್ಗೆ ಹೊತ್ತಿಗೆ ಕೆಳಗಿನದು ಕುಸಿದು ಕೂತಿತ್ತು. ಗೆರೆ ನಿಂತೇ ಇರಬೇಕು, ಅದರಲ್ಲಿ ಜಾಣತನ ಬೇಡ.

ಹೇಳಿ ಮಾಡಿಸಿದ ಬಾಕ್ಸ್ ಒಂದೊಂದಕ್ಕೆ ಸ್ಟಾಕ್‌ನದಕ್ಕಿಂತ ಐದರಲ್ಲೊಂದು ಪಾಲು ಜಾಸ್ತಿ ಬೀಳುತ್ತೆ, ನಿಜ. ಆದರೆ ಬಾಕ್ಸ್‌ನ ದುಡ್ಡು ಸಾಗಣೆ ಮುಂದೆ ಎಷ್ಟರದು? ಹಾಕಿದ ದುಡ್ಡು ಎರಡನೇ ತಿಂಗಳಿಗೇ ಹುಟ್ಟಿತು.

ಮೊನ್ನೆ ಬಾಕ್ಸ್‌ನವನೇ ಫೋನ್ ಮಾಡಿದ್ದ. ನಿಮ್ಮ ಆ ವಿಚಿತ್ರ ಅಳತೆಯನ್ನ ಇನ್ನೊಬ್ಬ ಗಿರಾಕಿಗೆ ತೋರಿಸಲಾ ಅಂದ. ಜೋಡಿ ಜಾರ್‌ದು ತೋರಿಸು ಅಂದೆ. ಉಳಿದ ಮೂರು ಬೇಡ.