ಹುಲ್ಲುಗೆಂಡೆಗೆ ನೀರುಗಿಡದ ಮೇವು: ಲೆಕ್ಕ ಮತ್ತು ಕ್ರಮ

ನೀರ ಮೇಲೆ ತೇಲಿ ಬೆಳೆಯುವ ಪುಟ್ಟ ಗಿಡಗಳಾದ ಅಜೋಲಾ ಆಗಲಿ ಡಕ್‌ವೀಡ್ ಆಗಲಿ, ಹಸಿ ತೂಕದಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲು ಬರೀ ನೀರು. ಒಣಗಿದ ಸೊಪ್ಪಿನಲ್ಲಿ ಪ್ರೋಟೀನ್ ಶೇ. 25ರ ಆಸುಪಾಸು ಇದ್ದರೂ 100 ಕೆ.ಜಿ. ಹಸಿ ಸೊಪ್ಪಿನಿಂದ ಸಿಗುವ ಪ್ರೋಟೀನ್ ಒಂದೂವರೆ ಕೆ.ಜಿ.ಯಷ್ಟೇ. ಹಾಗಾಗಿ ಈ ಮೇವನ್ನು ನಾನು ರಾಶಿಗಟ್ಟಲೆ ತಿನ್ನಬಲ್ಲ ಹುಲ್ಲುಗೆಂಡೆ (ಗ್ರಾಸ್ ಕಾರ್ಪ್) ಮೀನಿಗೆ ಮೀಸಲಿಟ್ಟಿದ್ದೇನೆ. ಕಾಟ್ಲಾ ಇದನ್ನು ನೆಚ್ಚುವ ಮೀನಲ್ಲ. ರೋಹು, ಸಾಮಾನ್ಯ ಗೆಂಡೆ ಒಂದಿಷ್ಟು ತಿಂದರೂ ಅವಕ್ಕೆ ತೌಡು, ಹಿಂಡಿ ತಪ್ಪಿಸುವಂತಿಲ್ಲ.

ಅಜೋಲಾ ಗುಂಡಿ 2 ಮೀಟರ್ ಉದ್ದ, 2 ಮೀಟರ್ ಅಗಲ. ಪ್ಲಾಸ್ಟಿಕ್ ಹಾಳೆ ಹಾಸಿ, 10ರಿಂದ 15 ಕೆ.ಜಿ. ಜರಡಿ ಹಿಡಿದ ಮಣ್ಣು ಹರಡಿ, 2 ಕೆ.ಜಿ. ಸಗಣಿ ಮತ್ತು 30 ಗ್ರಾಂ ಸೂಪರ್ ಫಾಸ್ಫೇಟನ್ನು ನೀರಲ್ಲಿ ಕದಡಿ ಸುರಿಯುತ್ತೇನೆ. ನೀರು 10 ಸೆಂ.ಮೀ. ನಿಂತರೆ ಸಾಕು. ಒಂದು ಕೆ.ಜಿ. ಹಸಿ ಅಜೋಲಾವನ್ನೇ ಬೀಜವಾಗಿ ಬಿಟ್ಟರೆ ಎರಡು ವಾರದೊಳಗೆ ಮೇಲ್ಮೈ ಮುಚ್ಚುತ್ತದೆ. ಆಮೇಲೆ ದಿನಕ್ಕೆ ಅರ್ಧ ಕೆ.ಜಿ.ಯಂತೆ ತೆಗೆಯಬಹುದು. ವಾರಕ್ಕೊಮ್ಮೆ 1 ಕೆ.ಜಿ. ಸಗಣಿ, 20 ಗ್ರಾಂ ಸೂಪರ್ ಫಾಸ್ಫೇಟ್ ಕೊಡಬೇಕು. ಎಲೆ ಕೆಂಪಗಾಗಿ ಬೇರು ಉದ್ದವಾದರೆ ರಂಜಕ (ಫಾಸ್ಫರಸ್) ಸಾಲದು. ಬೇರು ಸರಿಯಿದ್ದು ಎಲೆ ಮಾತ್ರ ಕೆಂಪಾದರೆ ಬಹುಪಾಲು ಬಿಸಿಲು ಜಾಸ್ತಿ, ನೆರಳುಬಲೆ ಕಟ್ಟಬೇಕು. ಮೀನಿಗೆ ಬೇಡವಾದ ದಿನವೂ ಸೊಪ್ಪು ತೆಗೆಯಲೇಬೇಕು, ಇಲ್ಲದಿದ್ದರೆ ದಟ್ಟವಾಗಿ ಕೆಳಪದರ ಕೊಳೆಯುತ್ತದೆ.

ಹೊಸಬರು ಲೆಕ್ಕ ತಪ್ಪುವುದು ಇಲ್ಲಿಯೇ. ಹುಲ್ಲುಗೆಂಡೆ ದಿನಕ್ಕೆ ತನ್ನ ತೂಕದ ಅರ್ಧದಷ್ಟಾದರೂ ಹಸಿ ಮೇವು ತಿನ್ನುತ್ತದೆ. ಅಂದರೆ ಒಂದು ಗುಂಡಿ ಒಂದು ಕೆ.ಜಿ. ಮೀನನ್ನು ಸಾಕೀತು! ಹಾಗಾಗಿ ಗುಂಡಿಯ ಅಜೋಲಾವನ್ನು ಬೆರಳುದ್ದದ ಮರಿಗಳಿಗಷ್ಟೇ ಇಟ್ಟುಕೊಂಡು, ದೊಡ್ಡ ಮೀನಿಗೆ ಕಾಲುವೆಯಲ್ಲಿ ಬೆಳೆದ ಹೈಡ್ರಿಲ್ಲಾ ಎಂಬ ನೀರೊಳಗಿನ ಗಿಡ ತರುತ್ತೇನೆ. ಮೀನು ಒಂದು ಕೆ.ಜಿ. ತೂಗಲು 40ರಿಂದ 50 ಕೆ.ಜಿ. ಹಸಿ ಮೇವು ಬೇಕು. ನೀರು ಹಯಸಿಂತ್ ಸುಲಭವಾಗಿ ಸಿಕ್ಕರೂ ಅದರ ತೊಟ್ಟು ನಾರು, ಮೀನು ಬಿಟ್ಟುಬಿಡುತ್ತದೆ. ಚರಂಡಿ, ಕಾರ್ಖಾನೆ ನೀರಿನ ಗಿಡವಂತೂ ಬೇಡವೇ ಬೇಡ. ಈ ಗಿಡಗಳು ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಹೀರಿಟ್ಟುಕೊಳ್ಳುತ್ತವೆ.

ಮೇವು ಹಾಕಲು ಎರಡೂ ಬದಿ ಮುಚ್ಚಿದ ಪಿವಿಸಿ ಪೈಪಿನ ತೇಲುವ ಚೌಕಟ್ಟು ಕಟ್ಟಿ, ಗೂಟಕ್ಕೆ ಬಿಗಿದಿದ್ದೇನೆ. ಇಲ್ಲದಿದ್ದರೆ ಗಾಳಿಗೆ ಸೊಪ್ಪೆಲ್ಲ ಒಂದು ಮೂಲೆಗೆ ಸೇರಿ, ಎಷ್ಟು ತಿಂದಿತು ಎಂದು ಗೊತ್ತಾಗುವುದಿಲ್ಲ. ಬೆಳಿಗ್ಗೆ ಹಾಕಿದ್ದು ಸಂಜೆಗೂ ಉಳಿದಿದ್ದರೆ ಹೊರಗೆ ತೆಗೆದು ಮರುದಿನ ಕಡಿಮೆ ಹಾಕುತ್ತೇನೆ. ಉಳಿದ ಸೊಪ್ಪು ಕೊಳೆತು ರಾತ್ರಿ ಆಮ್ಲಜನಕ ಎಳೆಯುತ್ತದೆ. ನಸುಕಿನಲ್ಲಿ ಮೀನು ಬಾಯಿ ಮೇಲೆತ್ತಿ ಗಾಳಿ ಗುಟುಕರಿಸುತ್ತಿದ್ದರೆ ಆ ದಿನ ಮೇವು ನಿಲ್ಲಿಸಿ ಹೊಸ ನೀರು ಬಿಡುತ್ತೇನೆ. ಹುಲ್ಲುಗೆಂಡೆಯ ಹಿಕ್ಕೆಯಲ್ಲಿ ಅರೆಬರೆ ಜೀರ್ಣವಾದ ಸೊಪ್ಪು ಧಾರಾಳ. ಅದೇ ಗೊಬ್ಬರವಾಗಿ ಪ್ಲವಕ (ನೀರಲ್ಲಿ ತೇಲುವ ಸೂಕ್ಷ್ಮಜೀವಿಗಳು) ಬೆಳೆದು ಕಾಟ್ಲಾಕ್ಕೆ ಆಹಾರವಾಗುತ್ತದೆ. ನೀರು ಕಡುಹಸಿರಾದರೆ ಬೇರೆ ಸಗಣಿ ಹಾಕಬಾರದು.

ಹೊರಗಿನಿಂದ ತಂದ ಹೈಡ್ರಿಲ್ಲಾವನ್ನು ಲೀಟರಿಗೆ 10 ಮಿಲಿಗ್ರಾಂನಂತೆ ಪೊಟ್ಯಾಶಿಯಂ ಪರ್ಮಾಂಗನೇಟ್ ಬೆರೆಸಿದ ನೀರಲ್ಲಿ 10 ನಿಮಿಷ ಅದ್ದಿ, ಚೆನ್ನಾಗಿ ತೊಳೆಯುತ್ತೇನೆ. ಬಸವನಹುಳು ಮತ್ತು ಅದರ ಲೋಳೆಮೊಟ್ಟೆ ಇದಕ್ಕೂ ಜಗ್ಗುವುದಿಲ್ಲ, ಎಲೆಯಡಿಯಿಂದ ಕೈಯಲ್ಲೇ ಕಿತ್ತು ತೆಗೆಯಬೇಕು.