‘ಡ್ರಾ’ ಎಂಬ ಕ್ರಿಯಾಪದದ ಅರ್ಥಗಳನ್ನು ನಾನು ವಿಂಗಡಿಸಿಕೊಂಡ ಬಗೆ

ಇಂಗ್ಲಿಷಿನ ‘ಡ್ರಾ’ ಪದಕ್ಕೆ ನಿಘಂಟು ತೆರೆದರೆ ಚಿತ್ರ, ಪರದೆ, ಬಾವಿ, ಸಂಬಳ, ಲಾಟರಿ, ಕತ್ತಿ, ಕ್ರಿಕೆಟ್ ಎಲ್ಲವೂ ಒಂದೇ ಪಟ್ಟಿಯಲ್ಲಿ ಸಾಲುಗಟ್ಟಿರುತ್ತವೆ. ಆ ಪಟ್ಟಿಯನ್ನು ಬಾಯಿಪಾಠ ಮಾಡಿ ಫಲವಿಲ್ಲ. ಬರೆಯಲು ಕೂತಾಗ ಹನ್ನೆರಡನೆಯ ಅರ್ಥ ಯಾವುದೆಂದು ಯಾರಿಗೂ ನೆನಪಾಗುವುದಿಲ್ಲ. ಪಾಠಕ್ಕಾಗಲಿ ಅನುವಾದಕ್ಕಾಗಲಿ ಇಂಥ ಪದವನ್ನು ಅಣಿಮಾಡಿಕೊಳ್ಳುವಾಗ ನಾನು ಅರ್ಥಕ್ಕಿಂತ ಮೊದಲು ಕರ್ಮಪದವನ್ನು ಹುಡುಕುತ್ತೇನೆ. ಡ್ರಾ ಮಾಡುತ್ತಿರುವುದು ಏನನ್ನು?

ಮೊದಲ ಕೆಲಸ ವಾಕ್ಯಗಳನ್ನು ಕೂಡಿಹಾಕುವುದು. ನಲವತ್ತರಿಂದ ಅರವತ್ತು ವಾಕ್ಯ ಸಾಕು, ಒಂದು ಚೀಟಿಗೆ ಒಂದೇ ವಾಕ್ಯ. ಸುದ್ದಿ, ಕಥೆ, ಕ್ರೀಡಾವರದಿ, ಬ್ಯಾಂಕಿನ ಕಾಗದಪತ್ರ, ವಿಜ್ಞಾನದ ಪಠ್ಯ ಹೀಗೆ ನಾಲ್ಕೈದು ಬಗೆಯ ಬರಹಗಳಿಂದ ಆರಿಸಬೇಕು. ಕ್ರೀಡಾಪುಟವೊಂದನ್ನೇ ನೆಚ್ಚಿದರೆ ಚೀಟಿಗಳೆಲ್ಲ ಸಮವಾದ ಪಂದ್ಯಗಳಿಂದಲೇ ತುಂಬಿಹೋಗುತ್ತವೆ. ‘ಡ್ರೂ’, ‘ಡ್ರಾನ್’ ರೂಪಗಳನ್ನೂ ಬಿಡದೆ ಹುಡುಕಬೇಕು. ಬಳಲಿ ಸೊರಗಿದ ಮುಖ ಎಂಬ ಅರ್ಥ ‘ಡ್ರಾನ್’ ರೂಪದಲ್ಲಿ ಮಾತ್ರ ಸಿಗುತ್ತದೆ. ಮೂಲ ರೂಪವನ್ನಷ್ಟೇ ಹುಡುಕಿದವರ ಕಣ್ಣಿಗೆ ಅದು ಬೀಳುವುದೇ ಇಲ್ಲ.

ಪ್ರತಿ ಚೀಟಿಯಲ್ಲಿ ವಾಕ್ಯದ ಕೆಳಗೆ ಎರಡು ವಿಷಯ ಬರೆಯುತ್ತೇನೆ: ಕರ್ಮಪದ, ಮತ್ತು ಆ ಜಾಗದಲ್ಲಿ ಕನ್ನಡದ ಮಾತಿನಲ್ಲಿ ತಾನಾಗಿ ಬರುವ ಕ್ರಿಯಾಪದ. ‘ಆಕರ್ಷಿಸು’, ‘ಪ್ರಾಪ್ತಿಸಿಕೊ’ ಎಂಬ ನಿಘಂಟಿನ ಕನ್ನಡ ಇಲ್ಲಿ ಬೇಡ. ನೀರಾದರೆ ಸೇದು, ಕತ್ತಿಯಾದರೆ ಹಿರಿ, ಗಮನವಾದರೆ ಸೆಳೆ, ಲಾಟರಿಯ ಚೀಟಿಯಾದರೆ ಎತ್ತು, ರಕ್ತವಾದರೆ ತೆಗೆ, ಪರದೆಯಾದರೆ ಎಳೆ, ಚಿತ್ರವಾದರೆ ಬಿಡಿಸು. ಆಮೇಲೆ ಚೀಟಿಗಳನ್ನು ಈ ಕನ್ನಡ ಪದಗಳ ಪ್ರಕಾರವೇ ಗುಂಪು ಮಾಡುತ್ತೇನೆ. ಇಂಗ್ಲಿಷ್ ಒಂದೇ ಪದದಲ್ಲಿ ಮುಗಿಸಿದ್ದನ್ನು ಕನ್ನಡ ಆಗಲೇ ಬೇರೆ ಮಾಡಿ ಇಟ್ಟಿದೆ. ವಿಂಗಡಣೆಯ ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಗುಂಪುಗಳು ಎದುರಿಗಿದ್ದಾಗ ಅವುಗಳ ನಡುವಿನ ನಂಟೂ ಕಾಣುತ್ತದೆ. ಈ ಹಂತವನ್ನು ಅವಸರದಲ್ಲಿ ದಾಟಬಾರದು. ‘ಡ್ರಾ’ ಪದದ ಹಳೆಯ ಅರ್ಥ ಎಳೆಯುವುದು; ಹಳೆಯ ಇಂಗ್ಲಿಷಿನ ‘ಡ್ರಾಗನ್’ ಎಂಬ ಕ್ರಿಯಾಪದದಿಂದ ಅದು ಬಂದಿದೆ, ‘ಡ್ರ್ಯಾಗ್’ ಅದರ ಸೋದರ. ಚಿತ್ರ ಬಿಡಿಸುವುದಕ್ಕೂ ಎಳೆಯುವುದಕ್ಕೂ ಏನು ಸಂಬಂಧವೆಂದು ಕೇಳಿದವರಿಗೆ ಕನ್ನಡದಲ್ಲೇ ಉತ್ತರವಿದೆ: ನಾವೂ ಗೆರೆ ಎಳೆಯುತ್ತೇವೆ. ಬಾವಿಯ ನೀರನ್ನೂ ಬೀಡಿಯ ಹೊಗೆಯನ್ನೂ ನಾವು ‘ಸೇದು’ ಎಂಬ ಒಂದೇ ಪದದಲ್ಲಿ ಹೇಳುತ್ತೇವೆ. ಇಂಗ್ಲಿಷಿನಲ್ಲೂ ನೀರಿಗೆ ‘ಡ್ರಾ’, ಸಿಗರೇಟಿಗೆ ‘ಡ್ರಾ ಆನ್’. ಉಸಿರನ್ನು ಎರಡು ಭಾಷೆಗಳೂ ಎಳೆಯುತ್ತವೆ. ಇಂಥ ಹೊಂದಾಣಿಕೆ ಕಂಡಲ್ಲೆಲ್ಲ ಚೀಟಿಯ ಮೂಲೆಯಲ್ಲಿ ಗುರುತು ಹಾಕಿಡುತ್ತೇನೆ. ಗುರುತು ಹಾಕಿದ ಅರ್ಥಗಳನ್ನು ಕಲಿಸಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ, ಉಳಿದವಕ್ಕೆ ಬೇಕು.

ಸಮಾನಾರ್ಥಕಗಳ ಸರದಿ ಇದಾದ ಮೇಲೆಯೇ ಬರಬೇಕು. ಪರ್ಯಾಯ ಪದಗಳು ಸೇರುವುದು ಒಂದೊಂದು ಅರ್ಥಕ್ಕೆ, ಇಡೀ ಪದಕ್ಕಲ್ಲ. 1852ರಲ್ಲಿ ಮೊದಲು ಅಚ್ಚಾದ ರೋಜೆಯ ಥೆಸಾರಸ್ ಎಂಬ ಸಮಾನಾರ್ಥಕಗಳ ಕೋಶ ಪದಗಳನ್ನು ಅಕಾರಾದಿಯಲ್ಲಿ ಜೋಡಿಸದೆ ವಿಚಾರಗಳ ಪ್ರಕಾರ ಜೋಡಿಸಿತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಗಣಕೀಕೃತ ಪದಕೋಶವಾದ ವರ್ಡ್‌ನೆಟ್‌ನಲ್ಲೂ ಒಂದೊಂದು ಅರ್ಥಕ್ಕೆ ಒಂದೊಂದು ಪದಗುಚ್ಛ. ‘ಡ್ರಾ = ಪುಲ್, ಸ್ಕೆಚ್, ಅಟ್ರ್ಯಾಕ್ಟ್, ಟೈ’ ಎಂದು ಒಂದೇ ಸಾಲಿನಲ್ಲಿ ಬರೆದುಕೊಂಡ ಟಿಪ್ಪಣಿಯಿಂದ ಹಾನಿಯೇ ಹೆಚ್ಚು.

ಪರ್ಯಾಯ ಪದವನ್ನು ಒಪ್ಪುವ ಮುಂಚೆ ಅದನ್ನು ಚೀಟಿಯ ವಾಕ್ಯದಲ್ಲೇ ಇಟ್ಟು ಮೂರು ಪ್ರಶ್ನೆ ಕೇಳುತ್ತೇನೆ. ಅದೇ ಕರ್ಮಪದ ನಿಲ್ಲುತ್ತದೆಯೇ? ವಾಕ್ಯರಚನೆ ಹಾಗೇ ಉಳಿಯುತ್ತದೆಯೇ? ವಿರುದ್ಧಪದ ಬದಲಾಗದೆ ಇದೆಯೇ?

ಕರ್ಮಪದದ ಪರೀಕ್ಷೆಯಲ್ಲಿ ಬಹಳ ಪದಗಳು ಬಿದ್ದುಹೋಗುತ್ತವೆ. ಸಂಬಳವನ್ನು ‘ಡ್ರಾ’ ಮಾಡಬಹುದು, ‘ವಿತ್‌ಡ್ರಾ’ ಮಾಡಲಾಗದು; ‘ವಿತ್‌ಡ್ರಾ’ಗೆ ಖಾತೆಯಲ್ಲಿ ಆಗಲೇ ಇರುವ ಹಣ ಬೇಕು. ರಚನೆಯ ಪರೀಕ್ಷೆ, ತೀರ್ಮಾನಕ್ಕೆ ಬರುವ ಅರ್ಥದ ‘ಇನ್ಫರ್’ ಪದವನ್ನು ಹಿಡಿಯುತ್ತದೆ. ‘ಇನ್ಫರ್’ ಆದಮೇಲೆ ‘ದಟ್’ ಹಾಕಿ ಇಡೀ ವಾಕ್ಯವನ್ನೇ ಜೋಡಿಸಬಹುದು. ‘ಡ್ರಾ’ಗೆ ಮಾತ್ರ ‘ಕನ್‌ಕ್ಲೂಷನ್’, ‘ಲೆಸನ್’, ‘ಡಿಸ್ಟಿಂಕ್ಷನ್’, ‘ಪ್ಯಾರಲಲ್’ ಇಂಥ ನಾಮಪದವೊಂದು ನಡುವೆ ಬೇಕೇ ಬೇಕು. ವಿರುದ್ಧಪದದ ಪರೀಕ್ಷೆ ವಿಚಿತ್ರವಾದ ಒಂದು ಸಂಗತಿಯನ್ನು ಎತ್ತಿ ತೋರಿಸುತ್ತದೆ: ಪರದೆಯನ್ನು ‘ಡ್ರಾ’ ಮಾಡಿದರು ಎಂದರೆ ಮುಚ್ಚಿದರು ಎಂದೂ ಆಗಬಹುದು, ತೆರೆದರು ಎಂದೂ ಆಗಬಹುದು. ಅನುವಾದಕರು ಮುಂದಿನ ವಾಕ್ಯ ನೋಡಬೇಕು. ಬೆಳಕು ಒಳಬಂತೇ, ಕೋಣೆ ಕತ್ತಲಾಯಿತೇ?

ಎಳೆಯುವ ಅರ್ಥದ ಗುಂಪಿನಲ್ಲಿ ಪದಗಳು ಹತ್ತಿರ ಹತ್ತಿರ ನಿಂತಿರುವುದರಿಂದ ಅಲ್ಲಿ ಹೆಚ್ಚು ಎಚ್ಚರ ಬೇಕು. ಪ್ರತಿ ಪದದ ಎದುರು ಬಲದ ಬಗೆಯನ್ನು ಬರೆದಿಡುತ್ತೇನೆ. ‘ಪುಲ್’ ಎಲ್ಲಕ್ಕೂ ಸಲ್ಲುವ ಸಾಮಾನ್ಯ ಪದ. ‘ಡ್ರಾ’ದಲ್ಲಿ ನಯವಾದ, ಎಡೆಬಿಡದ ಚಲನೆಯಿದೆ. ‘ಡ್ರ್ಯಾಗ್’ನಲ್ಲಿ ನೆಲದ ಉಜ್ಜಾಟವೋ ಬರಲೊಲ್ಲದ ವಸ್ತುವಿನ ಪ್ರತಿರೋಧವೋ ಇರುತ್ತದೆ. ‘ಹಾಲ್’ ಎಂದರೆ ಭಾರ, ‘ಟಗ್’ ಎಂದರೆ ಜಗ್ಗಾಟ, ‘ಟೋ’ ಎಂದರೆ ಹಗ್ಗವೋ ಸರಪಳಿಯೋ ಕಟ್ಟಿ ಹಿಂದೆ ಎಳೆದೊಯ್ಯುವುದು. ಸೆಳೆಯುವ ಗುಂಪಿನಲ್ಲಿ ‘ಅಟ್ರ್ಯಾಕ್ಟ್’ ನಿರಪಾಯದ ಪದ. ‘ಲ್ಯೂರ್’ ಹಾಗಲ್ಲ, ಅದರಲ್ಲಿ ಮೋಸದ ಬಲೆಯಿದೆ. ಜನರನ್ನು ಸೆಳೆದ ಗ್ರಂಥಾಲಯದ ಬಗ್ಗೆ ಬರೆಯುವಾಗ ‘ಲ್ಯೂರ್’ ಬಳಸಿದರೆ ಗ್ರಂಥಾಲಯದ ಉದ್ದೇಶದ ಮೇಲೇ ಅನುಮಾನ ಹುಟ್ಟುತ್ತದೆ.

ಚಿತ್ರದ ಗುಂಪಿನಲ್ಲಿ ಕನ್ನಡಿಗರ ತಪ್ಪು ಬೇರೆ ಕಡೆಯಿಂದ ಬರುತ್ತದೆ. ನಮ್ಮ ‘ಬರೆ’ ಅಕ್ಷರಕ್ಕೂ ಸಲ್ಲುತ್ತದೆ, ಚಿತ್ರಕ್ಕೂ ಸಲ್ಲುತ್ತದೆ. ಹಾಗಾಗಿ ಮಕ್ಕಳು ಚಿತ್ರಕ್ಕೂ ‘ರೈಟ್’ ಹಾಕುತ್ತಾರೆ. ಗೆರೆಯಿಂದ ಆದದ್ದಕ್ಕೆ ‘ಡ್ರಾ’, ಬಣ್ಣ ಮತ್ತು ಕುಂಚದಿಂದ ಆದದ್ದಕ್ಕೆ ‘ಪೇಂಟ್’ ಎಂಬುದನ್ನು ಎರಡು ವಾಕ್ಯಗಳ ಜೋಡಿಯಾಗಿ ಬರೆದು ಕೊಡುವುದು ಒಳ್ಳೆಯದು.

‘ಟೈ’ ಎಂಬ ಪರ್ಯಾಯ ಕ್ರಿಕೆಟ್ಟಿನಲ್ಲಿ ಪೂರ್ತಿ ಸೋಲುತ್ತದೆ. ಆಟದ ಅವಧಿ ಮುಗಿದರೂ ಫಲಿತಾಂಶ ಬರದಿದ್ದರೆ ಟೆಸ್ಟ್ ‘ಡ್ರಾ’. ಕೊನೆಗೆ ಬ್ಯಾಟ್ ಮಾಡಿದ ತಂಡದ ಇನಿಂಗ್ಸ್ ಮುಗಿದು, ಎರಡೂ ತಂಡಗಳ ಒಟ್ಟು ರನ್ ಸಮವಾಗಿದ್ದರೆ ‘ಟೈ’. 1960ರಲ್ಲಿ ಬ್ರಿಸ್ಬೇನ್‌ನಲ್ಲಿ ಆಸ್ಟ್ರೇಲಿಯ ಮತ್ತು ವೆಸ್ಟ್ ಇಂಡೀಸ್ ನಡುವೆ, 1986ರಲ್ಲಿ ಮದರಾಸಿನಲ್ಲಿ ಭಾರತ ಮತ್ತು ಆಸ್ಟ್ರೇಲಿಯ ನಡುವೆ ನಡೆದ ಟೆಸ್ಟ್‌ಗಳು ಟೈ ಆದವು. ಅವುಗಳನ್ನು ‘ಡ್ರಾ’ ಎಂದು ಅನುವಾದಿಸಿದರೆ ಸಂಗತಿಯೇ ತಪ್ಪಾಗುತ್ತದೆ.

‘ಅಪ್’, ‘ಔಟ್’, ‘ಇನ್’, ‘ಆನ್’ ಸೇರಿದ ರೂಪಗಳನ್ನು ಈ ಗುಂಪುಗಳಲ್ಲಿ ಬೆರೆಸುವುದಿಲ್ಲ. ಅವಕ್ಕೆ ಬೇರೆ ಹಾಳೆ. ‘ಡ್ರಾ ಅಪ್’ಗೆ ಕರ್ಮಪದ ಕರಾರುಪತ್ರವಾದರೆ ಕರಡು ಸಿದ್ಧಪಡಿಸುವುದು, ಕುರ್ಚಿಯಾದರೆ ಹತ್ತಿರ ಎಳೆದುಕೊಳ್ಳುವುದು, ಕರ್ಮಪದವಿಲ್ಲದೆ ಕಾರು ಕರ್ತೃವಾದರೆ ಬಂದು ನಿಲ್ಲುವುದು. ಅನುಭವವನ್ನೋ ಉಳಿತಾಯವನ್ನೋ ಬಳಸಿಕೊಳ್ಳುವುದಕ್ಕೆ ‘ಡ್ರಾ ಆನ್’. ಮಾತಾಡದೆ ಕೂತವರನ್ನು ಮಾತಿಗೆಳೆಯುವುದು ‘ಡ್ರಾ ಔಟ್’. ನುಡಿಗಟ್ಟುಗಳಲ್ಲಿ ಸಣ್ಣ ಪದಗಳ ಮೇಲೂ ಕಣ್ಣಿರಬೇಕು: ‘ಡ್ರಾ ದ ಲೈನ್’ ಎಂದರೆ ಇದಕ್ಕಿಂತ ಮುಂದೆ ಸಲ್ಲದೆಂಬ ಮಿತಿ, ‘ಡ್ರಾ ಎ ಲೈನ್ ಅಂಡರ್’ ಎಂದರೆ ಆದದ್ದಾಯಿತೆಂದು ಅಲ್ಲಿಗೆ ಮುಗಿಸುವುದು.

ಕೊನೆಯ ಹಾಳೆ ಪದದ ಬಳಗಕ್ಕೆ. ‘ಡ್ರಾಯರ್’ ಎಳೆದು ತೆರೆಯುವ ಪೆಟ್ಟಿಗೆ. ಚೆಕ್ಕಿನ ವಿಷಯದಲ್ಲಾದರೆ ಚೆಕ್ ಬರೆದುಕೊಡುವವರು, ಹಣ ಕೊಡಬೇಕಾದ ಬ್ಯಾಂಕು ‘ಡ್ರಾಯೀ’. ‘ಡ್ರಾಯಿಂಗ್ ರೂಂ’ಗೂ ಚಿತ್ರಕ್ಕೂ ಸಂಬಂಧವಿಲ್ಲ, ಊಟದ ನಂತರ ಹಿಂದೆ ಸರಿದು ಹೋಗಿ ಕೂರುವ ‘ವಿತ್‌ಡ್ರಾಯಿಂಗ್ ರೂಂ’ ಎಂಬುದರ ಮೊಟಕಾದ ರೂಪ ಅದು. ಸಂದಿಯಿಂದ ನುಸುಳುವ ಗಾಳಿ, ಹಡಗಿನ ತಳ ನೀರಿನಲ್ಲಿ ಮುಳುಗಿರುವ ಆಳ, ಗಾಡಿ ಎಳೆಯುವ ಎತ್ತು, ಬರಹದ ಕರಡು, ಬ್ಯಾಂಕಿನ ಡ್ರಾಫ್ಟ್ ಎಲ್ಲಕ್ಕೂ ಇಂಗ್ಲಿಷಿನಲ್ಲಿ ‘ಡ್ರಾಫ್ಟ್’ ಎಂಬ ಒಂದೇ ಉಚ್ಚಾರ. ಬ್ರಿಟಿಷ್ ಬರವಣಿಗೆಯಲ್ಲಿ ಮೊದಲ ಮೂರಕ್ಕೆ ಒಂದು ಕಾಗುಣಿತ, ಕೊನೆಯ ಎರಡಕ್ಕೆ ಇನ್ನೊಂದು. ಅಮೆರಿಕದಲ್ಲಿ ಸಾಮಾನ್ಯವಾಗಿ ಎಲ್ಲಕ್ಕೂ ಒಂದೇ. ಅದಕ್ಕೇ ಕಾಗುಣಿತ ನೋಡಿ ಅರ್ಥ ಊಹಿಸುವ ಮೊದಲು, ಬರಹ ಯಾವ ದೇಶದ್ದೆಂದು ಹಾಳೆಯ ತಲೆಯಲ್ಲಿ ಬರೆದುಕೊಳ್ಳುತ್ತೇನೆ.