ಓರೆಯಾಗಿ ನಿಂತ ಗಿಟಾರ್ ಬಿಡಿಸುವುದು ಹೇಗೆ?

ಡಿಜಿಟಲ್ ಪೇಂಟಿಂಗ್ ಶುರು ಮಾಡಿದವರಿಗೆ ಸಿಮೆಟ್ರಿ ಟೂಲ್ ಎಂದರೆ ಬಲು ಇಷ್ಟ. ಅರ್ಧ ಬಿಡಿಸಿದರೆ ಸಾಕು, ಉಳಿದರ್ಧ ತಾನಾಗಿ ಮೂಡುತ್ತದೆ. ಗಿಟಾರನ್ನು ನೇರ ಎದುರಿನಿಂದ ಬಿಡಿಸುವಾಗ ಇದು ಸರಿ. ಅದೇ ಗಿಟಾರ್ ಸ್ವಲ್ಪ ಓರೆಯಾಗಿ ನಿಂತರೆ? ಹತ್ತಿರದ ಅರ್ಧ ಅಗಲ, ದೂರದ್ದು ಕಿರಿದು. ಟೂಲ್‌ಗೆ ಹತ್ತಿರ-ದೂರ ಗೊತ್ತಿಲ್ಲ, ಎರಡೂ ಕಡೆ ಒಂದೇ ಅಳತೆ ಹಾಕಿಬಿಡುತ್ತದೆ.

ಹಾಗಾಗಿ ಮೊದಲು ಚಪ್ಪಟೆಯಾಗಿ ಬಿಡಿಸಿ. ಚಿತ್ರ ಬಿಡಿಸುವ ಆ್ಯಪ್‌ಗಳಲ್ಲಿ, ಕ್ರಿಟಾ ಆದರೆ ಮಿರರ್, ಪ್ರೊಕ್ರಿಯೇಟ್ ಆದರೆ ಡ್ರಾಯಿಂಗ್ ಗೈಡ್‌ನ ಸಿಮೆಟ್ರಿ ಆನ್ ಮಾಡಿ, ಹೊಸ ಲೇಯರ್‌ನಲ್ಲಿ (ಒಂದರ ಮೇಲೊಂದು ಇಡುವ ಪಾರದರ್ಶಕ ಹಾಳೆಯಂಥ ಪದರ) ಗಿಟಾರ್‌ನ ಮುಂಭಾಗ ಬರೆಯಿರಿ. ಸುತ್ತ ಒಂದು ಆಯತ ಹಾಕಿ. ಆಮೇಲೆ ಈ ಲೇಯರನ್ನು ಕಾಪಿ ಮಾಡಿಟ್ಟುಕೊಳ್ಳಿ. ಇದನ್ನು ಮಾತ್ರ ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಈಗ ಇನ್ನೊಂದು ಲೇಯರ್‌ನಲ್ಲಿ, ಎರಡು ವ್ಯಾನಿಶಿಂಗ್ ಪಾಯಿಂಟ್ (ದೂರ ಹೋಗುವ ಸಮಾನಾಂತರ ಗೆರೆಗಳು ಒಂದಾಗುವಂತೆ ಕಾಣುವ ಬಿಂದು) ಇಟ್ಟುಕೊಂಡು ಗಿಟಾರ್ ಹಿಡಿಸುವಷ್ಟು ದೊಡ್ಡ ಪೆಟ್ಟಿಗೆ ಬರೆಯಿರಿ. ಎರಡು ಪಾಯಿಂಟ್‌ಗಳನ್ನೂ ಕ್ಯಾನ್ವಾಸ್‌ನಿಂದ ಆಚೆಗೇ ಇಡಿ. ತೀರಾ ಹತ್ತಿರ ಇಟ್ಟರೆ ಗಿಟಾರ್ ಜಾಸ್ತಿ ತಿರುಚಿದಂತೆ ಕಾಣುತ್ತದೆ. ಟ್ರಾನ್ಸ್‌ಫಾರ್ಮ್‌ನ ಪರ್ಸ್‌ಪೆಕ್ಟಿವ್ ಅಥವಾ ಡಿಸ್ಟಾರ್ಟ್ ಆಯ್ದು, ಚಪ್ಪಟೆ ಚಿತ್ರದ ನಾಲ್ಕು ಮೂಲೆಗಳನ್ನು ಪೆಟ್ಟಿಗೆಯ ಮುಂಬದಿಯ ನಾಲ್ಕು ಮೂಲೆಗಳಿಗೆ ಎಳೆದು ಕೂರಿಸಿ. ಕಾಪಿ ಮಾಡಿಟ್ಟ ಲೇಯರನ್ನು ಹಿಂಬದಿಯ ಮೂಲೆಗಳಿಗೆ ಕೂರಿಸಿ. ಎರಡು ಆಕಾರಗಳ ಅಂಚು ಸೇರಿಸಿದರೆ ಗಿಟಾರ್‌ಗೆ ದಪ್ಪ ಬಂತು.

ಎಳೆದ ಗೆರೆಗಳು ಮಸುಕಾಗಿರುತ್ತವೆ, ದಪ್ಪವೂ ಏರುಪೇರು. ಅವನ್ನೇ ಅಂತಿಮ ಚಿತ್ರ ಮಾಡಬೇಡಿ. ಆ ಲೇಯರ್‌ಗಳ ಒಪಾಸಿಟಿ (ಗಾಢತೆ) ಇಳಿಸಿ, ಮೇಲೆ ಹೊಸದಾಗಿ ಗೆರೆ ಹಾಕಿ.

ಗಿಟಾರ್‌ನ ದುಂಡು ತೂತಿನ ಹತ್ತಿರ ಬಹಳ ಜನ ಎಡವುತ್ತಾರೆ, ನಾನೂ ಎಡವಿದ್ದೇನೆ. ಓರೆಯಲ್ಲಿ ಅದು ದೀರ್ಘವೃತ್ತವಾಗುತ್ತದೆ. ಆ ಆಕಾರದ ಸರಿ ಮಧ್ಯದಲ್ಲಿ ತಂತಿಗಳನ್ನು ಹಾಯಿಸಬೇಕು ಅನ್ನಿಸುತ್ತದೆ ಅಲ್ವಾ? ಅದು ತಪ್ಪು. ತೂತಿನ ನಿಜವಾದ ನಡು ಇನ್ನೂ ಸ್ವಲ್ಪ ದೂರದ ಕಡೆಗಿರುತ್ತದೆ. ತಂತಿಗಳು ಅಲ್ಲಿ ಹಾಯಬೇಕು.

ಟ್ರಾನ್ಸ್‌ಫಾರ್ಮ್ ಇಲ್ಲದೆ, ಕೈಯಲ್ಲೇ ಬರೆಯಬೇಕೆಂದರೆ? ಕರ್ಣದ ಉಪಾಯ ಇದೆ. ಹತ್ತಿರದ ಅಂಚಿಗೊಂದು, ಗಿಟಾರ್‌ನ ನಡುವಿಗೊಂದು, ಹೀಗೆ ಎರಡು ನೆಟ್ಟಗಿನ ಗೆರೆ ಹಾಕಿ. ಇವುಗಳ ಮೇಲ್ತುದಿ, ಕೆಳತುದಿಗಳನ್ನು ಸೇರಿಸುವ ಗೆರೆಗಳು ದೂರದ ಅಂಚಿನ ಕಡೆಯ ವ್ಯಾನಿಶಿಂಗ್ ಪಾಯಿಂಟ್‌ನತ್ತ ಹೋಗಲಿ. ನಡುಗೆರೆಯ ಅರ್ಧ ಎತ್ತರದಲ್ಲಿ ಚುಕ್ಕೆ ಇಡಿ. ಹತ್ತಿರದ ಅಂಚಿನ ಮೇಲ್ತುದಿಯಿಂದ ಆ ಚುಕ್ಕೆಯ ಮೂಲಕ ಗೆರೆ ಎಳೆದರೆ, ಅದು ಕೆಳಗಿನ ಗೆರೆಯನ್ನು ಮುಟ್ಟುವಲ್ಲಿ ದೂರದ ಅಂಚು ಇದೆ. ಸೊಂಟದ ಬಾಗು, ಭುಜದ ತಿರುವು, ಯಾವುದೇ ಬಿಂದುವಿಗೂ ಇದೇ ಲೆಕ್ಕ. ಬಿಂದುವಿನ ಮೂಲಕ ನೆಟ್ಟಗಿನ ಗೆರೆ ಹಾಕಿ, ಕರ್ಣದಿಂದ ಅದರ ಜೋಡಿಗೆರೆ ಹುಡುಕಿ. ಬಿಂದುವಿನಿಂದ ವ್ಯಾನಿಶಿಂಗ್ ಪಾಯಿಂಟ್‌ಗೆ ಎಳೆದ ಗೆರೆ ಜೋಡಿಗೆರೆಯನ್ನು ದಾಟುವಲ್ಲಿ ಆಚೆ ಬದಿಯ ಬಿಂದು ಸಿಗುತ್ತದೆ. ಐದಾರು ಬಿಂದು ಸಾಕು, ಮಧ್ಯದ ಬಾಗು ಕಣ್ಣಳತೆಯಲ್ಲೇ ಬರುತ್ತದೆ.

ಆಗಾಗ ಕ್ಯಾನ್ವಾಸ್ ಉಲ್ಟಾ ಮಾಡಿ ನೋಡಿ. ಕ್ರಿಟಾದಲ್ಲಿ ಎಂ ಕೀ ಒತ್ತಿದರೆ ಚಿತ್ರ ಎಡಬಲ ತಿರುಗುತ್ತದೆ. ವಾಲಿದ ಭುಜ ಆಗ ಥಟ್ಟನೆ ಕಣ್ಣಿಗೆ ಬೀಳುತ್ತದೆ.